ಸೊಳ್ಳೆ ಸಾಕಿದ ಕೈ

"ಈ ಸೊಳ್ಳೆಗಳನ್ನ ನನ್ನ ರಕ್ತ ಕೊಟ್ಟು ಸಾಕಿದೀನಿ!" ವಿಜ್ಞಾನಿ ಎದೆ ತಟ್ಟಿಕೊಂಡ. ಸಭಿಕರಿಂದ ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯ ಮೇಲೆ ಸೊಳ್ಳೆಗಳ ಪಂಜರ ಹಿಡಿದು ನಿಂತಿದ್ದ ಲ್ಯಾಬಿನ ಸಹಾಯಕಿ ಮುಖ ಆಚೆ ತಿರುಗಿಸಿದಳು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅದರೊಳಗೆ ಕೈಯಿಟ್ಟು ಕಚ್ಚಿಸಿಕೊಂಡವಳು ಅವಳು. ಈ ಮಹಾನುಭಾವ ಸೊಳ್ಳೆಕೋಣೆಯ ಬಾಗಿಲಿಂದಲೇ ಮೂಗು ಮುಚ್ಚಿಕೊಂಡು ವಾಪಸಾಗುತ್ತಿದ್ದ. ಥೂ!

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತರು. "ಹೇಗೆ ಕುಡಿಸ್ತೀರಪ್ಪಾ, ಒಂದ್ಸಲ ತೋರಿಸಿ ನೋಡೋಣ."

ವಿಜ್ಞಾನಿ ನಗುನಗುತ್ತಲೇ ಸಹಾಯಕಿಯ ಕಡೆ ತಿರುಗಿದ. "ಬಾರಮ್ಮ, ಕೈಯಿಟ್ಟು ತೋರಿಸು."

ಕಲೆಗಟ್ಟಿದ ಮುಂಗೈ ಮುಚ್ಚುವಂತೆ ಅವಳು ರವಿಕೆಯ ಉದ್ದ ತೋಳನ್ನು ಎಳೆದುಕೊಂಡಳು. ಪಂಜರದ ಬಾಯಿಗೆ ಕಟ್ಟಿದ್ದ ಬಟ್ಟೆ ಸಡಿಲಿಸಿ ಅವನ ಮುಂದೆ ಹಿಡಿದಳು.

"ನೀವೇ ಇಡಿ ಸಾರ್. ನಿಮ್ಮ ರಕ್ತದ ರುಚಿ ಹತ್ತಿದ ಸೊಳ್ಳೆಗಳು, ನನ್ನ ಕೈ ಮುಟ್ಟಲ್ಲ."

ಎದೆ ತಟ್ಟಿಕೊಂಡಿದ್ದ ಕೈ ಮೆಲ್ಲಗೆ ಜೇಬು ಸೇರಿತು.