ಕೆಂಪು ಏಡಿಯ ಕುಲ

ಸರಿಯಾದ ವೈಜ್ಞಾನಿಕ ಹೆಸರು ಹಿಡಿದು ಕರೆದರೆ ಯಾವ ಜೀವಿಯಾದರೂ ಓಡಿಬರುವ ಕಾಲವದು. ಜೀವಶಾಸ್ತ್ರಜ್ಞೆ ವಾರಿಜಾ, ಹೊಳೆ ಕಡಲು ಸೇರುವ ಅಳಿವೆಯ ನೀಲಿ ಏಡಿಯ ಕುಲ ಹುಡುಕಿ ಹೆಸರಿಟ್ಟಳು. ಊರವರೆಲ್ಲ ಬುಟ್ಟಿ ಹಿಡಿದು ಆ ಹೆಸರು ಕೂಗಿದರು. ಮಳೆಗಾಲ ಬರುವಷ್ಟರಲ್ಲಿ ಒಂದು ನೀಲಿ ಏಡಿಯೂ ಉಳಿಯಲಿಲ್ಲ. ವಾರಿಜಾಳಿಗೆ ಊಟ ಸೇರದಾಯಿತು.

ಮರುವರ್ಷ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಅವಳಿಗೆ ಹೊಸದೊಂದು ಕೆಂಪು ಏಡಿ ಸಿಕ್ಕಿತು. ಅದು ಯಾವ ಕುಲದ್ದೆಂದು ನೋಡಿದೊಡನೆ ತಿಳಿಯಿತು. ಆದರೂ ಬೇಕೆಂದೇ ಬೇರೆ ಕುಲಕ್ಕೆ ಸೇರಿಸಿ ಹೆಸರು ಪ್ರಕಟಿಸಿದಳು.

ಮೀನುಗಾರ ಬೊಮ್ಮಯ್ಯ ದಡದಲ್ಲಿ ನಿಂತು ಗಂಟಲು ಕಟ್ಟುವವರೆಗೆ ಕೂಗಿದ. ನೀರು ಅಲುಗಲಿಲ್ಲ.

"ನೀವು ಇಟ್ಟ ಹೆಸ್ರು ಸಮಾ ಇಲ್ಲ, ಅಮ್ಮಾ. ಸರಿ ಮಾಡಿ ಕೊಡಿ," ಎಂದ.

"ತಪ್ಪು ನನ್ನದೇ ಬೊಮ್ಮಯ್ಯ," ಎಂದಳು ವಾರಿಜಾ. "ಸರಿ ಮಾಡೋಕೆ ಇನ್ನು ಆಗೋದಿಲ್ಲ."

ಅವಳು ನೀಲಿ ಏಡಿಯ ಮಾತಾಡುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ.