ಗುಡ್ಡದ ನೆತ್ತಿ ಕಾಣುವವರೆಗೆ

ಗೋಕಾಕದ ಗುಡ್ಡಗಳನ್ನು ಮೋಡ ಮುಚ್ಚುತ್ತಿರುವುದನ್ನು ಕಂಡ ಕೂಡಲೇ ಕ್ಯಾಪ್ಟನ್ ದೀಪಾ ಸೈನ್ಯದ ಹೆಲಿಕಾಪ್ಟರನ್ನು ತಿರುಗಿಸಿ, ಅಂಕಲಗಿಯ ಆಚೆ ಕುರಿ ಮೇಯುತ್ತಿದ್ದ ಒಂದು ಬಯಲಿನಲ್ಲಿ ಇಳಿಸಿಬಿಟ್ಟಳು.

"ಇಲ್ಲ್ಯಾಕ ಇಳಿಸಿದ್ರಿ?" ಪಕ್ಕದ ಸೀಟಿನಲ್ಲಿದ್ದ ಮೇಜರ್ ಸ್ವಪ್ನಿಲ್ ಕೂಗಿದ. "ಇನ್ನ ಆರ ಮಿನಿಟಿನ ದಾರಿ ಐತಿ!"

"ಮುಂದ ನೆಲಾ ಕಾಣವಲ್ದು, ಸರ್." ಅವಳು ಇಂಜಿನ್ ಬಂದ್ ಮಾಡಿದಳು. "ಎಣ್ಣೀನೂ ಉಳೀಬೇಕು."

ಆ ಆರು ಮಿನಿಟಿನ ಆಚೆ, ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ, ಒಂಬತ್ತು ಜನ ಬೆಳಗಿನಿಂದ ಶಾಲೆಯ ಮಾಳಿಗೆಯ ಮೇಲೆ ಕುಳಿತಿದ್ದರು. ಸುತ್ತ ಹೊಳೆ. ದೋಣಿ ಹೋಗಲಾರದಷ್ಟು ಸೆಳೆತ. ಅವರಲ್ಲಿ ಒಬ್ಬಳು ಫಕೀರವ್ವ, ಸ್ವಪ್ನಿಲ್‌ನ ಸೋದರತ್ತೆ. ತಾಯಿ ತೀರಿದ ಮೇಲೆ ಅವನನ್ನು ಮೂಡಲಗಿಯಿಂದ ಕರೆತಂದು ಸಾಕಿದವಳು.

ಸ್ವಪ್ನಿಲ್ ಹನ್ನೊಂದು ವರ್ಷ ಹಾರಿದ್ದ, ಆದರೆ ಬೇರೆ ಬಗೆಯ ಹೆಲಿಕಾಪ್ಟರಿನಲ್ಲಿ. ಈ ಹೊಸದರಲ್ಲಿ ಮುಖ್ಯ ಪೈಲಟ್ ಆಗುವ ಪರೀಕ್ಷೆ ಅವನಿಗೆ ಇನ್ನೂ ಬಾಕಿಯಿತ್ತು. ಹುಕ್ಕೇರಿ ತಾಲೂಕಿನ ಕಣಗಲಾ ಊರಿನ ದೀಪಾ ಅದನ್ನು ಪಾಸು ಮಾಡಿ ನಾಲ್ಕೇ ದಿನವಾಗಿತ್ತು. ಹುದ್ದೆಯಲ್ಲಿ ಮೇಜರ್ ದೊಡ್ಡವನು. ಆದರೆ ಹಾರಾಟದ ಹೊಣೆ ಯಾರ ಹೆಸರಿಗಿದೆಯೋ ಅವರದೇ ಕೊನೆಯ ಮಾತು, ಪಕ್ಕದಲ್ಲಿ ಎಷ್ಟು ದೊಡ್ಡವರೇ ಕುಳಿತಿರಲಿ. ಅಂದು ಆ ಹೊಣೆ ಇದ್ದುದು ದೀಪಾಳ ಹೆಸರಿಗೆ.

"ನಮ್ಮತ್ತಿ ಅದಾಳ ಅಲ್ಲಿ," ಎಂದ ಸ್ವಪ್ನಿಲ್.

"ಗೊತ್ತೈತ್ರಿ, ಸರ್."

"ಗೊತ್ತಿದ್ದೂ ಸುಮ್ಮ ಕುಂತೀರಿ? ನಾ ಆಗಿದ್ರ ಇಷ್ಟೊತ್ತಿಗೆ ಹೋಗಿ ಮುಟ್ಟತಿದ್ದೆ."

ದೀಪಾ ಬಾಗಿಲು ತೆಗೆದು ಕೆಳಗಿಳಿದಳು.

ಚದುರಿದ ಕುರಿಗಳನ್ನು ಒಟ್ಟುಮಾಡುತ್ತಿದ್ದ ಹೆಂಗಸು ಕಂಬಳಿ ಹೊದ್ದುಕೊಂಡೇ ಹತ್ತಿರ ಬಂದಳು. ಹೆಸರು ರಾಮವ್ವ ಅಂದಳು. "ಕೆಟ್ಟೈತೇನ್ರಿ ಇದು?"

"ಕೆಟ್ಟಿಲ್ಲಬೇ. ಮ್ವಾಡ ಸರೀಲಿ ಅಂತ ಕಾಯಾಕತ್ತೇವಿ. ಗುಡ್ಡ ಯಾವ ಕಡೆ ಬರತೈತಿ?"

"ಅಗಾ, ಆ ಬೇವಿನಗಿಡದ ನ್ಯಾರಕ್ಕ. ಮೊದಲ ನೀರಿನ ಟಾಕಿ ಕಾಣತೈತಿ, ಇಲ್ಲಿಂದ ಮೂರು ಕಿಲೋಮೀಟರ. ಅದರ ಹಿಂದ ಗುಡ್ಡದ ನೆತ್ತಿ." ರಾಮವ್ವ ಹಿಂದಕ್ಕೆ ತಿರುಗಿ ಪಡುವಣ ದಿಕ್ಕು ನೋಡಿದಳು. "ದಡ್ಡಿ ಊರ ಕಡೆ ಬೆಳ್ಳಗಾಗಾಕತ್ತೈತಿ. ಗಾಳೀನೂ ಅಲ್ಲಿಂದನ ಬರತೈತಿ. ಒಂದೀಟ ತಡೀರಿ, ಬಿಡತೈತಿ."

ದೀಪಾ ಬೇವಿನಮರದ ನೇರಕ್ಕೆ ಕಣ್ಣು ನೆಟ್ಟು ನಿಂತಳು. ಟಾಕಿ ಕಂಡರೆ ಮುಂದೆ ಎಷ್ಟು ದೂರ ಕಾಣುತ್ತದೆಂದು ತಿಳಿಯುತ್ತದೆ. ನೆತ್ತಿ ಕಂಡರೆ ಮೋಡ ಎಷ್ಟು ಎತ್ತರದಲ್ಲಿದೆಯೆಂದು ತಿಳಿಯುತ್ತದೆ. ಎರಡೂ ಬೇಕು. ನೆಲ ಕಾಣಬೇಕು, ಮುಂದಿನದು ಕಾಣಬೇಕು, ಮೋಡದೊಳಗೆ ನುಗ್ಗಬಾರದು. ಹಾರಲು ಕಲಿಯುವವರಿಗೆ ಮೊದಲ ವಾರವೇ ಬಾಯಿಪಾಠ ಮಾಡಿಸುವ ಮಾತು ಅದು. ಅಷ್ಟರಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು: ನೀರು ಶಾಲೆಯ ಕಿಟಕಿ ದಾಟಿದೆ.

ಇಪ್ಪತ್ತು ಮಿನಿಟಿನ ನಂತರ ಟಾಕಿ ಮಸುಕಾಗಿ ಮೂಡಿತು.

"ಕಂಡತು! ನಡೀರಿ!" ಎಂದ ಸ್ವಪ್ನಿಲ್.

"ನೆತ್ತಿ ಇನ್ನೂ ಕಂಡಿಲ್ಲ, ಸರ್."

"ದೀಪಾ, ಇದು ನನ್ನ ಹುಕುಂ."

ಅವಳು ಅವನತ್ತ ತಿರುಗಿದಳು. "ಆಫೀಸಿನ್ಯಾಗ ಹುಕುಂ ಮಾಡ್ರಿ, ಸಲಾಂ ಹೊಡದ ಕೇಳತೇನಿ. ಇದರಾಗ ಕೇಳಾಂಗಿಲ್ಲ, ಸರ್. ನಮ್ಮನ್ನ ಕಳಕೊಂಡ್ರ ಅವರಿಗೆ ಇನ್ಯಾರೂ ಬರೂದಿಲ್ಲ."

ಸ್ವಪ್ನಿಲ್ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತ. ಇನ್ನೂ ಏಳು ಮಿನಿಟು ಹೋದವು. ಆ ಮಾಳಿಗೆ ಕುಸಿದರೆ ಈ ಬಯಲು ಜೀವಮಾನವಿಡೀ ತನ್ನ ಕಣ್ಣ ಮುಂದಿರುತ್ತದೆಂದು ದೀಪಾಳಿಗೆ ಗೊತ್ತಿತ್ತು. ಕೊನೆಗೆ ರಾಮವ್ವನೇ ಕೂಗಿದಳು: "ಬಿಡ್ತರೀ, ಬಿಡ್ತು! ಗುಡ್ಡ ನೋಡ್ರಿ!"

ಮತ್ತೆ ಮೇಲೆದ್ದು ಎರಡು ಗುಡ್ಡಗಳ ನಡುವೆ ಹಾದುಹೋಗುವಾಗ ಕೆಳಗೆ ದಪ್ಪ ವಿದ್ಯುತ್ ತಂತಿಗಳು ಅಡ್ಡ ಹಾದಿದ್ದುದು ಕಂಡಿತು. ಅರ್ಧ ಗಂಟೆಯ ಹಿಂದೆ ಮೋಡದಡಿ ನುಸುಳಿ ಬಂದಿದ್ದರೆ ಸರಿಯಾಗಿ ಆ ಎತ್ತರಕ್ಕೇ ಬರಬೇಕಾಗಿತ್ತು. ಸ್ವಪ್ನಿಲ್ ಅವನ್ನು ಹಿಂದೆ ಸರಿಯುವವರೆಗೂ ನೋಡಿದ. ಆಮೇಲೆ, ಕಿವಿಗೆ ಬಿತ್ತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, "ತಂತಿ ದಾಟಿದ್ವಿ, ಕ್ಯಾಪ್ಟನ್," ಎಂದ.

ನೀರು ಶಾಲೆಯ ಮಾಳಿಗೆ ಮುಟ್ಟಲು ಇನ್ನು ಒಂದು ಗೇಣು ಉಳಿದಿತ್ತು. ದೀಪಾ ಹೆಲಿಕಾಪ್ಟರನ್ನು ಅಲುಗಾಡದಂತೆ ಮೇಲೆ ನಿಲ್ಲಿಸಿದಳು. ಸ್ವಪ್ನಿಲ್ ಹೊರಗೆ ಬಾಗಿ ಎಡಕ್ಕೆ ಒಂದಡಿ, ಹಿಂದಕ್ಕೆ ಎರಡಡಿ ಎಂದು ಹೇಳುತ್ತ ಹೋದ. ಹಿಂದಿನ ಸೀಟಿನಲ್ಲಿದ್ದ ಹವಾಲ್ದಾರ ಲಖನ ಹಗ್ಗ ಇಳಿಬಿಟ್ಟು ಒಬ್ಬೊಬ್ಬರನ್ನೇ ಮೇಲೆಳೆದ. ಉಳಿದ ಎಂಟು ಜನ ಹತ್ತುವವರೆಗೆ ಫಕೀರವ್ವ ಹಗ್ಗ ಮುಟ್ಟಲಿಲ್ಲ.

ಗೋಕಾಕದ ಮೈದಾನದಲ್ಲಿ ಇಳಿದು, ಮೇಲಿನ ರೆಕ್ಕೆ ತಿರುಗುವುದು ನಿಂತ ಮೇಲೆ, ಅವಳು ಒದ್ದೆ ಸೆರಗು ಹಿಂಡುತ್ತ ಸೋದರಳಿಯನ ಮುಂದೆ ಬಂದು ನಿಂತಳು.

"ಎಷ್ಟೊತ್ತೋ ಬರೂದು? ಮ್ಯಾಲೆ ಕುಂತ ನಿಮ್ಮನ್ನೆಲ್ಲಾ ಬಾಯಿಗೆ ಬಂದಾಂಗ ಬೈದೇನಿ ನಾ."

ಸ್ವಪ್ನಿಲ್ ಅವಳ ಕೈ ಹಿಡಿದುಕೊಂಡು ದೀಪಾಳ ಮುಖ ನೋಡಿದ.

ದೀಪಾ ಹೆಲ್ಮೆಟ್ ತೆಗೆದಳು.

"ಇನ್ನೂ ಬೈರಿ, ಅತ್ತಿ. ಬೈಯಾಕ ನೀವೂ ಅದೀರಿ, ಕೇಳಾಕ ನಾವೂ ಅದೇವಿ."