ಕೌದಿ ಮುಳುಗಿಸಿದ ಕಾಲುವಿ

ಏ, ತಡೀರಿ ತಡೀರಿ, ಇದೊಂದು ಕೇಳೇ ಮುಂದ ಹೋಗ್ರಿ. ನಿನ್ನೆ ಕಲಬುರಗಿ ರೋಜಾ ಏರಿಯಾದಾಗ ಒಂದು ಅಂಗಡ್ಯಾಗ ನೀಲಿ ಬಣ್ಣದ ಡಬ್ಬಿ ಮುಚ್ಚಳ ತಗದ್ನಿ ನೋಡ್ರಿ, ಆ ವಾಸನಿಗೇ ಸಿಟ್ಟು ನೆತ್ತಿಗೇರ್ತು.

ಆಗ ನಾ ಕಮಲಾಪುರದ ಸಾಲ್ಯಾಗ ಐದನೇ ಕ್ಲಾಸಿನ್ಯಾಗ ಇದ್ದೆ. ಕಲಬುರಗ್ಯಾಗ ಚಿತ್ರದ ಸ್ಪರ್ಧಾ ಅಂದ್ರು. ನಾ ನಮ್ಮ ಹೊಲದ ಬಾಜೂಕಿನ ಕಾಲುವಿ ಚಿತ್ರ ತಗದೆ. ಕಟ್ಟಿದಾಗಿಂದ ಅದರಾಗ ಒಂದು ಹನಿ ನೀರು ಬಂದಿದ್ದಿಲ್ಲ. ಸಿಮೆಂಟು ಛಲೋ ಕಾಯ್ತದಂತ ಓಣಿ ಹೆಣ್ಮಕ್ಕಳೆಲ್ಲ ಅದರಾಗೇ ಕೌದಿ ಒಣಗಸ್ತಿದ್ರು. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಆಕಿ ಕೌದಿಗಿ ಹೊಲಿದ ಒಂದೊಂದು ಬಟ್ಟಿ ತ್ಯಾಪಿಗೂ ಬ್ಯಾರೆ ಬಣ್ಣ ಹಚ್ಚಾಕ ಎರಡು ದಿನ ಹಿಡದಿತ್ತು.

ಸರ್ ನೋಡಿ ನಕ್ರು. "ಏ ಹುಚ್ಚಿ, ಕಾಲುವಿ ಅಂದ್ರ ನೀರು ಬ್ಯಾಡೇನು? ದೊಡ್ಡ ಮಂದಿ ನೋಡ್ತಾರ!" ಅಂದೋರೇ ದಪ್ಪ ಬ್ರಷ್ ನೀಲಿಯೊಳಗ ಅದ್ದಿ ಎಳದೇ ಬಿಟ್ರು. ಕೌದಿ ಎಲ್ಲಾ ಮುಳುಗಿದ್ವು. ಮ್ಯಾಲ ಎರಡು ಬಾತುಕೋಳಿ ಬ್ಯಾರೆ!

ಅದಕ್ಕ ಫಸ್ಟ್ ಪ್ರೈಜ್ ಬಂತ್ರೀ!

ಚಿತ್ರ ಮನಿಗಿ ತಂದಾಗ ಆಯಿ ಬಾಗಲದಾಗ ಬೆಳಕಿಗಿ ಹಿಡದು ನೋಡಿದಳು.

"ಇಷ್ಟು ವರ್ಷಕ್ಕ ನಿಮ್ಮ ಸರ್ ಒಬ್ರೇ ನೋಡವ್ವ ಇದಕ್ಕ ನೀರು ಬಿಟ್ಟೋರು," ಅಂದಳು.

ಎಲ್ಲಾರೂ ನಕ್ರು. ನನಗ ನಗು ಬರ್ಲಿಲ್ಲ. ಮೂಲ್ಯಾಗ ಕುಂತು ಉಗುರಿಲೆ ಆ ನೀಲಿ ಕೆರದೆ. ಒಂದು ಕೆಂಪು ತ್ಯಾಪಿ ಕಾಣಾಕತ್ತಿತ್ತು, ಅಷ್ಟರಾಗ ಕಾಗದಾನೇ ಹರೀತು.

ನೀವು ಕಂಡಂಗ ತಗದಿದ್ದನ್ನ ಯಾರರೆ ಹಿಂಗ ತಿದ್ದಿ 'ಛಂದ' ಮಾಡ್ಯಾರೇನ್ರಿ? ಕೆಳಗ ಬರೀರಿ, ಒಂದೊಂದೂ ಓದ್ತೀನಿ.